ಎರ್ಮಿಂಡಾಳ ಹೌದು

"ಹೌದು," ಎಂದಳು ಎರ್ಮಿಂಡಾ.

ಡಾಕ್ಟರ್ ಬುಸ್ಟೋಸ್ ಫೈಲಿನಲ್ಲಿ ಬರೆದುಕೊಂಡರು. "ಅರ್ಥ ಆಯ್ತಲ್ಲ? ಎಡಗಾಲು, ಮೊಣಕಾಲಿನಿಂದ ಕೆಳಗೆ. ನಾಳೆ ಬೆಳಗ್ಗೆ ಮೊದಲನೇ ಆಪರೇಷನ್ ನಿಮ್ಮದೇ."

"ಹೌದು," ಎಂದಿತು ಬಾಯಿ ಮತ್ತೆ.

ಇಲ್ಲ ಎನ್ನಬೇಕೆಂದೇ ಅವಳು ಬಾಯಿ ತೆರೆದದ್ದು. ಮೂರು ವಾರದ ಹಿಂದೆ, ಪುಂತಾ ಅರೇನಾಸ್ ಊರಿನ ತನ್ನ ಉಣ್ಣೆ ನೂಲಿನ ಅಂಗಡಿಯಲ್ಲಿ ಗಿರಾಕಿಯೊಬ್ಬಳ ಜೊತೆ ಚೌಕಾಸಿಗೆ ನಿಂತಿದ್ದವಳು ಹಾಗೇ ಕುಸಿದಿದ್ದಳು. ಪಾರ್ಶ್ವವಾಯು ಬಲಗೈ ಬಲಗಾಲನ್ನು ಹಿಡಿಯಿತು. ಮಾತನ್ನೆಲ್ಲ ಬಳಿದುಕೊಂಡು ಹೋಗಿ 'ಹೌದು' ಎಂಬ ಇದೊಂದನ್ನು ಬಿಟ್ಟಿತು. ತಲೆಯಾಡಿಸಿ ಬೇಡವೆನ್ನಲು ಹೋದರೆ ತಲೆಯೂ ಬಾಯಿಯ ಪಕ್ಷವನ್ನೇ ಹಿಡಿಯುತ್ತಿತ್ತು. ಈಗ ಸಕ್ಕರೆ ಕಾಯಿಲೆಯಿಂದ ಎಡಪಾದ ಕಪ್ಪಾಗುತ್ತಿತ್ತು. ಜೀವವಿದ್ದ ಕಾಲೆಂದರೆ ಅದೊಂದೇ.

ಮಗಳು ಯಾಸ್ನಾ ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿದಳು. ಎರ್ಮಿಂಡಾ ಎಡಗೈಯಿಂದ ಅವಳ ತೋಳು ಹಿಡಿದು ಜಗ್ಗಿದಳು.

"ಹೆದರ್ಕೋಬೇಡಮ್ಮ," ಯಾಸ್ನಾ ಅವಳ ಕಣ್ಣೊರೆಸಿದಳು. "ನೀನು ಒಪ್ಕೊಂಡಿದ್ದೇ ಒಳ್ಳೇದಾಯ್ತು."

 ಎಲ್ಲರೆದುರು, ತಾನು ಎಚ್ಚರವಾಗಿರುವಾಗಲೇ, ತನ್ನನ್ನು ಒಯ್ಯುತ್ತಾರೆ ಎಂದುಕೊಂಡಳು ಎರ್ಮಿಂಡಾ. ಚಾಕು ಇಡುವ ಮುನ್ನ ಮತ್ತೆ ಕೇಳಿದರೂ ಈ ಬಾಯಿ ಹೌದೆಂದೇ ಹೇಳುತ್ತದೆ.

ಆ ವಾರ್ಡಿಗೆ ಮಾತಿನ ಚಿಕಿತ್ಸಕಿಯೊಬ್ಬಳನ್ನು ವಾರಕ್ಕೆ ಎರಡು ಮಧ್ಯಾಹ್ನ ಕೊಡಲು ಶುರುಮಾಡಿ ಒಂದು ತಿಂಗಳೂ ಆಗಿರಲಿಲ್ಲ. ಹೆಸರು ಐಲಿನ್. ಅವತ್ತು ಮಧ್ಯಾಹ್ನ ಅವಳು ಬಂದಳು.

"ಇವರಿಗೆ ನೀವೇನೂ ಬೇಡ ಬಿಡಿ," ಎಂದಳು ನರ್ಸ್. "ಕೇಳಿದ್ದಕ್ಕೆಲ್ಲ ಉತ್ತರ ಕೊಡ್ತಾರೆ."

ಐಲಿನ್ ಕುರ್ಚಿ ಎಳೆದು ಕೂತಳು. "ನಿಮ್ಮ ಹೆಸರು ಎರ್ಮಿಂಡಾನಾ?"

"ಹೌದು."

"ನಿಮ್ಮ ಹೆಸರು ಪೆದ್ರೋನಾ?"

"ಹೌದು."

ಯಾಸ್ನಾ ನಕ್ಕಳು. ಆಮೇಲೆ ಅಮ್ಮನ ಮುಖ ನೋಡಿದಳು. ನಗು ಅಲ್ಲೇ ನಿಂತಿತು.

"ಬಾಯಿ ಅದರ ಪಾಡಿಗೆ ಅದು ಹೇಳ್ಲಿ, ಡೋನ್ಯಾ ಎರ್ಮಿಂಡಾ. ನಾನು ಬೆರಳು ನೋಡ್ತೀನಿ." ಐಲಿನ್ ಒಂದು ಗಂಡಸನ್ನೂ ಒಂದು ಹೆಂಗಸನ್ನೂ ಬರೆದಳು. ಎರ್ಮಿಂಡಾ ಹೆಂಗಸಿನ ಮೇಲೆ ಬೆರಳಿಟ್ಟಳು. ಇನ್ನೂ ನಾಲ್ಕಾರು ಪ್ರಶ್ನೆ ಕೇಳಿದಾಗಲೂ ಬೆರಳು ತಪ್ಪಲಿಲ್ಲ. ಕೊನೆಗೆ ಐಲಿನ್ ಕತ್ತರಿಸಿದ ಕಾಲು, ಪೂರ್ತಿ ಕಾಲು, ಪಕ್ಕದಲ್ಲೊಂದು ಪ್ರಶ್ನೆಚಿಹ್ನೆ ಬರೆದಳು. "ಇದಂದ್ರೆ, ಇನ್ನೂ ತಿಳ್ಕೋಬೇಕು ಅಂತ." ಎರ್ಮಿಂಡಾ ಪ್ರಶ್ನೆಚಿಹ್ನೆಯನ್ನು ಒತ್ತಿದಳು. ಉಗುರು ಕಾಗದವನ್ನು ತೂತು ಮಾಡಿತು.

"ಒಪ್ಪಿಗೆ ಆಗಿದೆಯಲ್ಲ," ಎಂದರು ಐಲಿನ್ ಕರೆಸಿದ್ದಕ್ಕೆ ಬಂದ ಬುಸ್ಟೋಸ್, ನಿಂತಲ್ಲೇ.

"ತಮ್ಮ ಹೆಸರು ಪೆದ್ರೋ ಅನ್ನೋದಕ್ಕೂ ಒಪ್ಪಿದ್ದಾರೆ ಡಾಕ್ಟ್ರೇ," ಎಂದಳು ಐಲಿನ್.

ಅವರು ಫೈಲು ತೆರೆದು ಒಪ್ಪಿಗೆಪತ್ರ ನೋಡಿದರು. ಆಮೇಲೆ ಮಂಚದ ಅಂಚಿನಲ್ಲಿ ಕೂತು ತಾವೇ ಪೆನ್ನು ತೆಗೆದುಕೊಂಡರು. ಪಾದ ಬರೆದು ಎರಡು ಬೆರಳಿಗೆ ಕಪ್ಪು ತುಂಬಿದರು. "ಹೀಗೂ ಮಾಡಬಹುದು. ಕಟ್ಟಿಕೊಂಡ ರಕ್ತನಾಳ ತೆರೆದು, ಇವೆರಡನ್ನು ಮಾತ್ರ ತೆಗೆಯೋದು. ಆದರೆ ನಂಜು ಮೇಲಕ್ಕೇರಿದ್ರೆ..." ಎನ್ನುತ್ತ ಪಕ್ಕದಲ್ಲಿ ಒಂದು ಶಿಲುಬೆ ಬರೆದರು. "ಕಾಲು ತೆಗೆದ್ರೆ ಆ ಭಯ ಕಡಿಮೆ."

ಎರ್ಮಿಂಡಾ ಶಿಲುಬೆಯನ್ನೇ ನೋಡಿದಳು. 

"ಬೇಡಮ್ಮ," ಎಂದಳು ಯಾಸ್ನಾ. "ಕಾಲು ಹೋದ್ರೆ ಹೋಗ್ಲಿ. ನೀನಿರು."

ಎರ್ಮಿಂಡಾ ಮಗಳ ಕೈಯನ್ನು ನಿಧಾನವಾಗಿ ಪಕ್ಕಕ್ಕೆ ಸರಿಸಿ ಚಿತ್ರದಲ್ಲಿನ ಕಪ್ಪು ಬೆರಳುಗಳ ಮೇಲೆ ತನ್ನ ಬೆರಳಿಟ್ಟಳು. ಐಲಿನ್ ಎಲ್ಲವನ್ನೂ ಬೇರೆ ಹಾಳೆಯಲ್ಲಿ, ಬೇರೆ ಕ್ರಮದಲ್ಲಿ ಬರೆದು ಕೇಳಿದಳು. ಬೆರಳು ಅಲ್ಲಿಗೇ ಹೋಯಿತು. ಬುಸ್ಟೋಸ್ ಹಳೆಯ ಒಪ್ಪಿಗೆಪತ್ರದ ಮೇಲೆ ಅಡ್ಡಗೆರೆ ಎಳೆದರು.

ಎರಡು ಬೆರಳು ಹೋದವು. ಎರಡನೆಯ ದಿನ ಜ್ವರ ಬಂತು. ನಂಜಿನ ಕೆಂಪು ಬಣ್ಣ ಪಾದದಿಂದ ಮೀನಖಂಡದತ್ತ ಹತ್ತಿತು. ಡಾಕ್ಟರು ಅದರ ಅಂಚಿಗೆ ಸರಿಯಾಗಿ ಚರ್ಮದ ಮೇಲೆ ನೀಲಿ ಶಾಯಿಯಲ್ಲಿ ಗೆರೆ ಎಳೆದರು. "ಇದನ್ನ ದಾಟಿದ್ರೆ ಕಾಯೋ ಹಾಗಿಲ್ಲ," ಎಂದು ನಿಧಾನವಾಗಿ, ಅವಳಿಗೇ ಹೇಳಿದರು. ಹೊರಗೆ ಗಾಳಿ ಕಿಟಕಿಗಳನ್ನು ಅಲುಗಾಡಿಸುತ್ತಿತ್ತು. ಯಾಸ್ನಾ ಗಳಿಗೆಗೊಮ್ಮೆ ಹೊದಿಕೆ ಸರಿಸಿ ನೋಡುವಳು. ಎರ್ಮಿಂಡಾ ಕಾಲಿನ ಕಡೆ ನೋಡದೆ, ಮಗಳ ಹುಬ್ಬನ್ನು ನೋಡುತ್ತ ಮಲಗಿದ್ದಳು.

ನಾಲ್ಕನೆಯ ಬೆಳಗ್ಗೆ ಯಾಸ್ನಾ ಹೊದಿಕೆ ಸರಿಸಿದವಳು ಮತ್ತೆ ಮುಚ್ಚಲಿಲ್ಲ. ಅಮ್ಮನ ತಲೆಯ ಹಿಂದೆ ಕೈಯಿಟ್ಟು ಎತ್ತಿ ಹಿಡಿದಳು. ನೀಲಿ ಗೆರೆಯ ಕೆಳಗೆ, ಒಂದು ಬೆರಳಗಲ, ಕೆಂಪು ಇಳಿದು ಚರ್ಮ ಬೆಳ್ಳಗಿತ್ತು.