ಜಾಗಟೆಗೂ ನೀರಿಗೂ ನಡುವೆ

ನಮ್ಮ ಮನೆಯ ಫೋನಿನ ಮೇಲೆ ಯಾವಾಗಲೂ ಒಂದು ಬಿಳಿಯ ಬಟ್ಟೆ ಹೊದಿಸಿರುತ್ತಿತ್ತು. ಅಂಚಿಗೆ ನೀಲಿ ದಾರದ ಕಸೂತಿ. ವಾರಕ್ಕೊಮ್ಮೆ ಅಪ್ಪ ಅದನ್ನು ತಾನೇ ಒಗೆದು, ಗಂಜಿ ಹಾಕಿ, ಮಡಿಸಿ ನನ್ನ ಕೈಗೆ ಕೊಡುತ್ತಿದ್ದ. ಊರಿನವರ ಪಂಚೆ, ಸೀರೆಗಳಿಗೆಲ್ಲ ಇಸ್ತ್ರಿ ಹಾಕುತ್ತಿದ್ದವಳು ನಾನೇ ಆದರೂ ಈ ಬಟ್ಟೆಯನ್ನು ಒಗೆಯಲು ಮಾತ್ರ ಅವನು ಯಾರಿಗೂ ಬಿಡುತ್ತಿರಲಿಲ್ಲ. "ನನ್ ಪ್ರಾಣ ಕಾಯೋ ದೇವ್ರು ಕಣವ್ವ ಅದು, ಮಡೀಲಿರ್ಬೇಕು" ಎನ್ನುತ್ತಿದ್ದ. ನಾನೂ ದೊಡ್ಡಮ್ಮನೂ ನಗುತ್ತಿದ್ದೆವು.

ಅವನ ಮಾತು ನಿಜವೇ ಆಗಿತ್ತು. ನಮ್ಮದು ಊರಿನ ಕೊನೆಯ ಮನೆ, ಅದರಾಚೆ ಹೊಳೆ. ಮೇಲೆ ಬೆಟ್ಟದ ಸಂದಿಯಲ್ಲಿ ಅಣೆಕಟ್ಟು ಕಟ್ಟಿದ ಮೇಲೆ ಆ ಹೊಳೆಯಲ್ಲಿ ಮೊಣಕಾಲುದ್ದ ನೀರಿದ್ದರೆ ಹೆಚ್ಚು. ಒಗೆಯುವುದಕ್ಕೆ ಹೇಳಿ ಮಾಡಿಸಿದಂತಿದ್ದ ದೊಡ್ಡ ಚಪ್ಪಟೆ ಕಲ್ಲು ನಡುಹೊಳೆಯಲ್ಲಿತ್ತು. ಅದು ಅಪ್ಪನದು. ಗೇಟು ತೆಗೆಯುವ ಮುಂಚೆ ಅಲ್ಲಿನ ಕಾವಲುಗಾರ ಸಣ್ಣಯ್ಯ ನಮ್ಮ ಮನೆಗೆ ಫೋನ್ ಮಾಡುತ್ತಿದ್ದ. ಗಂಟೆ ಬಡಿದು, ನಿಂತು, ಮತ್ತೆ ಬಡಿದರೆ ನೀರು ಬಿಡುತ್ತಾರೆಂದು ಅರ್ಥ. ಆ ಫೋನನ್ನು ಎತ್ತುವಂತಿರಲಿಲ್ಲ. ಎತ್ತಿ ಮಾತಿಗೆ ನಿಂತರೆ ಹೊತ್ತು ಹಾಳು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದ ದೊಡ್ಡಮ್ಮ ಕೆಂಪಾಜಮ್ಮ, ಕೈಲಿದ್ದ ಕೆಲಸ ಬಿಟ್ಟು ಮಾಳಿಗೆ ಹತ್ತಿ ಜಾಗಟೆ ಬಾರಿಸುತ್ತಿದ್ದಳು. ಹೊಳೆಯಲ್ಲಿದ್ದವರೆಲ್ಲ ಗಂಟು ಕಟ್ಟಿಕೊಂಡು ದಡಕ್ಕೆ ಬರುತ್ತಿದ್ದರು.

ಅಪ್ಪ ಮಾತ್ರ ಎಲ್ಲರಿಗಿಂತ ಕೊನೆ. "ಜಾಗಟೆಗೂ ನೀರಿಗೂ ನಡುವೆ ಒಂದ್ ಬೀಡಿ ಸೇದೋವಷ್ಟು ಹೊತ್ತೈತೆ" ಎಂಬುದು ಅವನ ಲೆಕ್ಕ. ಸದ್ದು ಕೇಳಿದ ಕೂಡಲೇ ನಮ್ಮ ಕಡೆ ಕೈ ಎತ್ತುವನು, ಕಲ್ಲಿನ ಮೇಲೆ ಕೂತು ಬೀಡಿ ಹಚ್ಚುವನು, ಸೇದಿ ಮುಗಿಸಿ ಗಂಟು ಹೊತ್ತು ಬರುವನು. ದೊಡ್ಡಮ್ಮ ಬೈದು ಬೈದು ಸಾಕಾಗಿದ್ದಳು. ಆದರೆ ಅಷ್ಟು ವರ್ಷಗಳಲ್ಲಿ ನೀರು ಅವನು ಕೂತ ಕಲ್ಲನ್ನು ಮುಟ್ಟುವಾಗ ಅವನು ಅಲ್ಲಿದ್ದದ್ದೇ ಇಲ್ಲ.

ಹಾಗಿರುವಾಗ ಫೋನಿನವರು ಬಂದರು. ಹಳೆಯ ತಂತಿಯನ್ನು ಗೋಡೆಯಿಂದ ಕಿತ್ತು, ಒಂದು ಬಿಳಿಯ ಡಬ್ಬಿಯನ್ನು ಮೊಳೆ ಹೊಡೆದು ಕೂರಿಸಿದರು. ಕರೆಂಟಿನ ಪ್ಲಗ್ಗು ಸಿಕ್ಕಿಸಿದೊಡನೆ ಅದರಲ್ಲೊಂದು ಹಸಿರು ದೀಪ ಮಿನುಗತೊಡಗಿತು. ನಮ್ಮ ಹಳೆಯ ಫೋನನ್ನೇ ಡಬ್ಬಿಗೆ ಸಿಕ್ಕಿಸಿ ಅದೇ ಮೇಜಿನ ಮೇಲಿಟ್ಟರು.

ಅಪ್ಪ ಬಾಗಿಲಲ್ಲೇ ನಿಂತು ನೋಡುತ್ತಿದ್ದ. "ಹಳೇ ತಂತಿನೂ ಇರ್ಲಿ ಬುಡಿ ಸಾಮಿ. ಅದ್ರ ಪಾಡಿಗ್ ಅದಿರ್ತದೆ" ಎಂದ.

"ಹಳೇದನ್ನ ಎಲ್ಲಾ ಕಡೆ ತೆಗೀತಿದೀವಿ ಯಜಮಾನ್ರೆ" ಎಂದ ಬಂದವರಲ್ಲೊಬ್ಬ. "ನಂಬರೂ ಅದೇ, ಫೋನೂ ಅದೇ. ನಿಮಗೇನೂ ವ್ಯತ್ಯಾಸ ಗೊತ್ತಾಗಲ್ಲ." ಹೊರಡುವಾಗ ದೊಡ್ಡಮ್ಮನಿಗೆ ಒಂದು ಮಾತು ಹೇಳಿದ: "ಗುಡುಗು ಸಿಡಿಲು ಬಂದ್ರೆ ಡಬ್ಬಿ ಪ್ಲಗ್ ತೆಗೆದುಬಿಡಿ ಅಮ್ಮ. ಸುಟ್ಟೋದ್ರೆ ನಮ್ಮನ್ನ ಕೇಳಂಗಿಲ್ಲ."

ಮೊದಮೊದಲು ಮಾತು ಬಾವಿಯೊಳಗಿಂದ ಬಂದಂತೆ ಕೇಳುತ್ತಿತ್ತು. ಕೆಲವು ಸಲ ನಮ್ಮ ಮಾತೇ ನಮಗೆ ತಿರುಗಿ ಬರುತ್ತಿತ್ತು. ಅಪ್ಪ ಎರಡು ದಿನ ಹೊಳೆಗೆ ಇಳಿಯಲಿಲ್ಲ. ಆಮೇಲೆ ಸಣ್ಣಯ್ಯನ ಗಂಟೆ ಎಂದಿನಂತೆ ಬಡಿಯಿತು, ನಿಂತಿತು, ಮತ್ತೆ ಬಡಿಯಿತು. ಜಾಗಟೆಯೂ ಆಯಿತು, ನೀರೂ ಬಂತು. ಅಪ್ಪನಿಗೆ ಧೈರ್ಯ ಬಂದು ಹೊಳೆಗೆ ಇಳಿದ. ಆ ವಾರ ಬಟ್ಟೆಗೆ ಗಂಜಿ ತುಸು ಹೆಚ್ಚೇ ಹಾಕಿದ್ದ.

ದೊಡ್ಡಮ್ಮನ ತಂಗಿ ಜವರಮ್ಮ ಒಂದು ದಿನ ಬಂದವಳು ಮುಖ ಊದಿಸಿಕೊಂಡೇ ಒಳಗೆ ಕಾಲಿಟ್ಟಳು. "ಏನಕ್ಕ, ಮೊನ್ನೆ ಗುಡುಗ್ತಿದ್ದಾಗ ಎಷ್ಟ್ ಸಲ ಮಾಡ್ದೆ. ಬಡೀತಾನೇ ಇತ್ತು. ನನ್ ಫೋನ್ ಎತ್ತೋಕೂ ಬ್ಯಾಸರವಾ?"

"ನಾನ್ ಮನೇಲೇ ಇದ್ನಲ್ಲೇ. ಬಡೀಲೇ ಇಲ್ಲ" ಎಂದಳು ದೊಡ್ಡಮ್ಮ.

"ಬಡೀಲಿಲ್ಲ ಅಂದ್ರೆ? ನನ್ ಕಿವೀಲ್ ಕೇಳಿವ್ನಿ."

ಅಕ್ಕತಂಗಿಯರ ಜಗಳ ಕಾಫಿಯೊಂದಿಗೆ ಮುಗಿಯಿತು. ಆ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ.

ಅಂದು ನಮ್ಮೂರಿನಲ್ಲಿ ಚೆನ್ನಾಗಿ ಬಿಸಿಲಿತ್ತು. ಬೆಟ್ಟದ ಕಡೆ ಮಾತ್ರ ಬೆಳಿಗ್ಗೆಯಿಂದಲೇ ಕಪ್ಪು ಮೋಡ. ಊಟದ ಹೊತ್ತಿಗೆ ದೂರದಲ್ಲಿ ಗುಡುಗಿತು. ದೊಡ್ಡಮ್ಮ ಎದ್ದು ಟಿವಿಯ ಪ್ಲಗ್ಗು ಕಿತ್ತಳು, ಡಬ್ಬಿಯದನ್ನೂ ಕಿತ್ತಳು. ಹಸಿರು ದೀಪ ಆರಿತು. ಫೋನು ಇದ್ದಲ್ಲೇ ಇತ್ತು, ಬಟ್ಟೆ ಹೊದ್ದುಕೊಂಡು. ನಾನು ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದೆ.

ಮೊದಲು ತಿಳಿದದ್ದು ವಾಸನೆಯಿಂದ. ಗೇಟಿನ ನೀರಿಗೆ ಒಂದು ವಾಸನೆಯಿದೆ, ಬಹಳ ದಿನ ಮುಚ್ಚಿಟ್ಟ ಹಂಡೆಯ ವಾಸನೆ. ದೊಡ್ಡಮ್ಮ ಕೈತುತ್ತು ಬಿಟ್ಟು ಎದ್ದಳು. "ಫೋನೇ ಬರ್ಲಿಲ್ವಲ್ಲೇ" ಎನ್ನುತ್ತಲೇ ಮಾಳಿಗೆಗೆ ಓಡಿದಳು. ನಾನೂ ಹಿಂದೆಯೇ ಹತ್ತಿದೆ. ಮೇಲಿನ ತಿರುವಿನಲ್ಲಿ ಹೊಳೆ ಆಗಲೇ ಕೆಂಪಗಾಗಿತ್ತು. ಕೆಳಗೆ ನಡುಹೊಳೆಯಲ್ಲಿ ಅಪ್ಪ ಬಗ್ಗಿ ಯಾರದೋ ಮದುವೆಯ ಪಂಚೆಗಳನ್ನು ಜಾಲಿಸುತ್ತಿದ್ದ.

ದೊಡ್ಡಮ್ಮ ಜಾಗಟೆ ಬಾರಿಸಿದಳು. ಅಷ್ಟು ಜೋರಾಗಿ ಅವಳು ಎಂದೂ ಬಾರಿಸಿರಲಿಲ್ಲ. ದಂಡೆಯ ಹತ್ತಿರವಿದ್ದವರು ತಿರುವಿನ ಕಡೆ ನೋಡಿ ಬಟ್ಟೆ ಬಿಟ್ಟು ಓಡಿದರು. ಅಪ್ಪ ಸೊಂಟ ನೆಟ್ಟಗೆ ಮಾಡಿಕೊಂಡು ನಮ್ಮ ಕಡೆ ತಿರುಗಿದ. ಕೈ ಎತ್ತಿದ. ತಿರುವಿಗೆ ಬೆನ್ನು ಮಾಡಿ ಕಲ್ಲಿನ ಮೇಲೆ ಕೂತ. ಸೊಂಟದಿಂದ ಬೀಡಿ ತೆಗೆದ.

"ಅಪ್ಪಾ, ಓಡು" ಎಂದು ಕೂಗಿದೆ. ಜಾಗಟೆಯ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಿಸಲಿಲ್ಲ. "ನಿಲ್ಸು ದೊಡ್ಡಮ್ಮ, ನಿಲ್ಸು" ಎಂದು ಅವಳ ಕೈ ಹಿಡಿದೆ. ಅವಳು ನಿಲ್ಲಿಸಲಿಲ್ಲ, ಬಾರಿಸಿದಷ್ಟೂ ಅವನು ಬೇಗ ಏಳುವನೆಂದು ಅವಳ ನಂಬಿಕೆ. ಅಪ್ಪ ಗಾಳಿಗೆ ಅಂಗೈ ಮರೆಮಾಡಿ ಕಡ್ಡಿ ಗೀರಿದ. ಬೀಡಿ ಹತ್ತಿದ್ದನ್ನೂ ನೋಡಿದೆ. ಆಮೇಲೆ ಕಲ್ಲು ಕಾಣಲಿಲ್ಲ.

ಮೂರನೆಯ ದಿನ ಸಣ್ಣಯ್ಯ ಬಂದು ನಡುಮನೆಯ ಕಂಬ ಹಿಡಿದುಕೊಂಡು ನಿಂತ. "ನಾನ್ ಮಾಡ್ದೆ ಕಣವ್ವ. ಬಡೀತು, ನಿಲ್ಲಿಸ್ದೆ, ಮತ್ತೆ ಬಡೀತು. ನನ್ ಕಿವಿಯಾರೆ ಕೇಳಿದ್ ಮೇಲೇ ಗೇಟ್ ಎತ್ತಿದ್ದು."

"ಇಲ್ಲಿ ಬಡೀಲಿಲ್ಲ ಸಣ್ಣಯ್ಯ" ಎಂದಳು ದೊಡ್ಡಮ್ಮ.

ಪಕ್ಕದಲ್ಲಿ ಕೂತಿದ್ದ ಜವರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನನಗೂ ಆಗಲೇ ಹೊಳೆದದ್ದು. ಪ್ಲಗ್ಗು ಕಿತ್ತ ಡಬ್ಬಿ ಸತ್ತಿರುತ್ತದೆ. ಅತ್ತ ಫೋನ್ ಮಾಡಿದವರ ಕಿವಿಯಲ್ಲಿ ಮಾತ್ರ ಗಂಟೆ ಬಡಿಯುತ್ತಲೇ ಇರುತ್ತದೆ. ಬೇರೆ ಯಾರ ಮನೆಯಾಗಿದ್ದರೂ ಫೋನ್ ಎತ್ತಲಿಲ್ಲವೇಕೆಂದು ಸಣ್ಣಯ್ಯನಿಗೆ ಅನುಮಾನ ಬರುತ್ತಿತ್ತು. ನಮ್ಮ ಮನೆಯಲ್ಲಿ ಎತ್ತದಿರುವುದೇ ಪದ್ಧತಿ. ಮೋಡ ಕಟ್ಟಿದ ದಿನವೇ ಗೇಟು ತೆರೆಯುವುದು, ಗುಡುಗಿದ ದಿನವೇ ದೊಡ್ಡಮ್ಮ ಪ್ಲಗ್ಗು ಕೀಳುವುದು. ಸಣ್ಣಯ್ಯನ ಮಾತೂ ಸುಳ್ಳಲ್ಲ, ದೊಡ್ಡಮ್ಮನದೂ ಸುಳ್ಳಲ್ಲ. ಇಬ್ಬರಲ್ಲಿ ಒಬ್ಬರನ್ನಾದರೂ ದ್ವೇಷಿಸಲು ಆಗಿದ್ದರೆ ನನ್ನ ಎದೆ ಹಗುರವಾಗುತ್ತಿತ್ತು.

ಈಗ ಗೇಟಿನ ಹತ್ತಿರ ಸೈರನ್ ಇದೆ. ದೊಡ್ಡಮ್ಮ ಇರುವವರೆಗೂ ಜಾಗಟೆಯನ್ನು ಮುಟ್ಟಲಿಲ್ಲ. ಫೋನು, ಡಬ್ಬಿ ಎರಡೂ ಎಂದೋ ಹೋದವು. ಬಿಳಿಯ ಬಟ್ಟೆ ಮಾತ್ರ ನನ್ನ ಟ್ರಂಕಿನಲ್ಲಿದೆ. ಬೆಟ್ಟದ ಕಡೆ ಗುಡುಗಿದಾಗ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂರುತ್ತೇನೆ. ಹಳದಿಗೆ ತಿರುಗಿದೆ, ಆದರೂ ಒಗೆದಿಲ್ಲ. ಅಪ್ಪ ಹಾಕಿದ ಗಂಜಿ ಇನ್ನೂ ಅದರ ಮಡಿಕೆಗಳಲ್ಲಿದೆ.