ಟೊಮೇಟೊ ರೇಟು ಹೇಳುವ ಕಾಲು

ತಮಿಳುನಾಡಿನ ಪಾಲಕೋಡ್ ಮಾರ್ಕೆಟ್ಟಿನಲ್ಲಿ ಟೊಮೇಟೊ ರೇಟು ಏರುವುದೂ ಇಳಿಯುವುದೂ ನನ್ನ ಅಪ್ಪ ತಿಮ್ಮರಾಯಪ್ಪನ ಕಾಲಿಗೆ ಮೊದಲೇ ತಿಳಿಯುತ್ತದೆ ಎಂದು ನಮ್ಮೂರು ನಂಬಿತ್ತು. ಎಡಗಾಲು ಜುಮ್ಮೆಂದರೆ ಹಣ್ಣು ಗಿಡದಲ್ಲೇ ಇರಲಿ, ಬಲಗಾಲು ಜುಮ್ಮೆಂದರೆ ಇವತ್ತೇ ಕಿತ್ತು ಸಾಗಿಸಿ. ಒಂದೆರಡು ಸಲ ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು. ಅಷ್ಟಕ್ಕೇ ಅಪ್ಪನ ಮೈಮೇಲೆ ದೇವರು ಬರುತ್ತದೆ ಎಂದಾಯಿತು. ತಪ್ಪಿದ ಸಲಗಳನ್ನು ಊರು ಲಾರಿಯವನ ತಲೆಗೆ ಕಟ್ಟಿತು.

ಅದಕ್ಕೂ ಮೊದಲೇ ಅವನಿಗೆ ಸ್ವಾಮಿ ಎಂಬ ಹೆಸರು ಬಂದಿತ್ತು. ನನಗೆ ಗಂಡು ಸಿಗಲೆಂದು ಹರಕೆ ಹೊತ್ತು ಮಾಂಸ, ಮೀನು, ಮೊಟ್ಟೆ ಬಿಟ್ಟವನು, ನನಗೆ ಮದುವೆಯಾಗಿ ಮಗಳು ಸ್ಕೂಲಿಗೆ ಹೋಗುತ್ತಿದ್ದರೂ ಮತ್ತೆ ಮುಟ್ಟಿರಲಿಲ್ಲ. ಹಾಲು ಮೊದಲಿಂದಲೂ ಸೇರದು, ಕುಡಿಯುವುದು ಬರೀ ಕರಿ ಕಾಪಿ. ಮೀನು ಹುರಿಯುವ ವಾಸನೆಗೆ ಮೂಗರಳುತ್ತಿತ್ತು. ಆದರೆ ಎದ್ದು ಜಾಗ ಬಿಟ್ಟುಕೊಡುವ ಜನರ ಮುಂದೆ ಬಾಯಿಚಪಲ ಏನು ಮಹಾ?

ಒಮ್ಮೆ ನಾನು ತವರಿಗೆ ಹೋದಾಗ ಅಪ್ಪ ತೋಟದಿಂದ ಒಂದೇ ಚಪ್ಪಲಿಯಲ್ಲಿ ಬಂದ. ಇನ್ನೊಂದು ದಾರಿಯಲ್ಲಿ ಕಳಚಿದ್ದು ಅವನಿಗೆ ತಿಳಿದೇ ಇರಲಿಲ್ಲ. ಆ ಬರಿಗಾಲಿನಲ್ಲಿ ಜಾಲಿ ಮುಳ್ಳು ಮುರಿದು ಕೂತಿತ್ತು, ಅದೂ ತಿಳಿದಿರಲಿಲ್ಲ. ಅವ್ವ ಸಪ್ಪಲಮ್ಮ ಪಿನ್ನಿನಿಂದ ಮುಳ್ಳು ತೆಗೆಯುತ್ತಾ ಅತ್ತಳು. ನನಗೂ ಭಯವಾಯಿತು.

"ಕಾಲ್ನಾಗಿದ್ದ ಚಪ್ಪಲಿ ಓಗಿದ್ದೇ ಗೊತ್ತಾಗ್ಲಿಲ್ಲ ನಿಂಗೆ. ಪಾಲಕೋಡ್ ರೇಟ್ ಗೊತ್ತಾಯ್ತದಾ?" ಎಂದಳು ಅವ್ವ.

ಧರ್ಮಪುರಿಯ ಡಾಕ್ಟರ್ ಕಲೈವಾಣಿ ರಕ್ತ ಪರೀಕ್ಷೆ ಮಾಡಿಸಿ, ಬಿ12 ವಿಟಮಿನ್ ತಳ ಕಂಡಿದೆ ಎಂದರು. ರಕ್ತ ಹುಟ್ಟಬೇಕಾದರೆ, ನರ ಗಟ್ಟಿಯಿರಬೇಕಾದರೆ ಅದು ಬೇಕು. ರಾಗಿಯಲ್ಲೂ ಇಲ್ಲ, ಸೊಪ್ಪಿನಲ್ಲೂ ಇಲ್ಲ. ಹಿಂದೆ ತಿಂದ ಮೀನು, ಮೊಟ್ಟೆಯಿಂದ ಲಿವರ್ ಕೂಡಿಟ್ಟದ್ದರಲ್ಲೇ ದೇಹ ಇಷ್ಟು ವರ್ಷ ದೂಡಿತ್ತು, ಈಗ ಕಣಜ ಖಾಲಿ. ಕಾಲು ಜುಮ್ಮೆನ್ನುವುದೂ ಮರಗಟ್ಟುವುದೂ ಅದರಿಂದಲೇ. ಹೀಗೇ ಬಿಟ್ಟರೆ ನಡಿಗೆಯೇ ಹೋದೀತು, ಇಂಜೆಕ್ಷನ್ ಕೊಡಬೇಕು, ಮೊಟ್ಟೆಯನ್ನಾದರೂ ತಿನ್ನಬೇಕು ಎಂದರು.

ಅರಳು ಹುರಿದಂತೆ ತಮಿಳು ಮಾತಾಡುವ ಅಪ್ಪ, ತಾನೇ ಕೇಳಲು ನಾಚಿ ನನ್ನನ್ನು ಮುಂದೆ ತಳ್ಳಿದ. "ಸೂಜಿ ಆಕುದ್ರೆ ದೇವ್ರು ಓಗ್ಬುಡ್ತದಾ, ಕೇಳ್ ಮೇನಕಾ."

ನಾಚಿಕೆ ಬಿಟ್ಟು ಕೇಳಿದೆ. ದೇವರ ವಿಷಯ ತಮಗೆ ತಿಳಿಯದು, ಜುಮ್ಮೆನ್ನುವುದು ಮಾತ್ರ ಹೋಗುತ್ತದೆ ಎಂದರು ಡಾಕ್ಟರ್. ಅಪ್ಪನ ಮುಖ ಬಾಡಿತು. ಇಂಜೆಕ್ಷನ್ ಮದ್ದು ಮಾಗಿದ ಟೊಮೇಟೊದಷ್ಟೇ ಕೆಂಪಗಿತ್ತು. ಅದನ್ನೇ ಶಕುನವೆಂದುಕೊಂಡು ತೋಳು ಕೊಟ್ಟ.

ಮೊಟ್ಟೆಗೆ ಮಾತ್ರ ಒಪ್ಪಲಿಲ್ಲ. ಊರು ಏನೆಂದೀತು? ಕೊನೆಗೆ ಅವ್ವ ಬೇಯಿಸಿದ ಮೊಟ್ಟೆಯನ್ನು ರಾಗಿ ಮುದ್ದೆಯೊಳಗೆ ಹುದುಗಿಸಿ ಇಕ್ಕತೊಡಗಿದಳು. ಅಪ್ಪ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದ. ಅದೂ ಒಂದು ವ್ರತವೆಂದು ಊರು ಕೈಮುಗಿಯಿತು.

ತಿಂಗಳುಗಳು ಕಳೆದವು. ಮೊನ್ನೆ ನಾನು ಅಲ್ಲಿದ್ದಾಗಲೇ, ಊಟದ ಹೊತ್ತಿಗೆ ಪಕ್ಕದ ಹೊಲದ ಶಿವಣ್ಣ ಬಂದ.

"ಸ್ವಾಮಿ, ಅಣ್ಣು ಕೆಂಪಾಗೈತೆ. ಕೀಳದಾ, ಬುಡದಾ?"

ಅಪ್ಪ ಎರಡೂ ಪಾದ ಹಿಡಿದು ಕೂತ. ಏನೂ ಇಲ್ಲ. ಪಾಪ, ಬೆವರಿದ. ಸ್ವಲ್ಪ ಗಾಳಿಯಾದರೂ ಬರಲೆಂದು ಅಂಗಳಕ್ಕಿಳಿದವನು ಮರುಗಳಿಗೆ "ಅಯ್ಯಯ್ಯೋ" ಎಂದು ಒಂಟಿಕಾಲಲ್ಲಿ ಕುಣಿದ.

ಶಿವಣ್ಣ ಕೈಮುಗಿದು ಓಡಿಬಂದ. "ಬಲಗಾಲಲ್ವಾ ಸ್ವಾಮಿ? ಕಿತ್ಬುಡ್ಲಾ?"

ಅಪ್ಪ ಅಂಗಾಲು ತಿರುಗಿಸಿ ನೋಡಿಕೊಂಡ. ಹೂಂ ಎಂದಿದ್ದರೆ ಸಾಕಿತ್ತು, ಸ್ವಾಮಿಯಾಗಿಯೇ ಉಳಿಯುತ್ತಿದ್ದ. ಅಷ್ಟರಲ್ಲಿ ಅವ್ವ ಸೌಟು ಹಿಡಿದೇ ಹೊರಗೆ ಬಂದು ಅವನ ಕಾಲ ಬಳಿ ಕೂತಳು. "ಚುಚ್ತಾ? ನಿಜವಾಗ್ಲೂ ನೋವಾಯ್ತಾ?" ಎನ್ನುತ್ತಾ ನಕ್ಕಳು. ಕಣ್ಣಲ್ಲಿ ನೀರಿತ್ತು.

ಅಪ್ಪ ಅವಳನ್ನೇ ನೋಡಿದ. "ಮುಳ್ಳು ಕಣ್ಲಾ ಶಿವಣ್ಣ. ಬರೀ ಮುಳ್ಳು. ರೇಟ್ ಬೇಕಾದ್ರೆ ಮಾರ್ಕೆಟ್‌ಗೆ ಫೋನ್ ಮಾಡು" ಎಂದ. ಆಮೇಲೆ ಕುಂಟುತ್ತಾ ಬಂದು, ಬೀದಿಗೆ ಮುಖ ಮಾಡಿ ಜಗಲಿಯ ಮೇಲೆ ಕೂತ.

"ಸಪ್ಪಲೀ, ಮೊಟ್ಟೆ ಮುದ್ದೆಯೊಳ್ಗೆ ಬ್ಯಾಡ. ತಟ್ಟೆ ಮೇಲೇ ಇಕ್ಕು."