ಟ್ರಿಮ್ ಸರಿ

ಹದಿನಾಲ್ಕು ವರ್ಷದ ಹಿಂದೆ, ವಿಮಾನ ಓಡಿಸಲು ಕಲಿಸುತ್ತಿದ್ದ ಮೇಷ್ಟ್ರು ಅವಳನ್ನು ರನ್‌ವೇ ಅಂಚಿನಲ್ಲೇ ಇಳಿಸಿದ್ದರು. ಹಾರುವ ಮುಂಚಿನ ಪಟ್ಟಿ ಓದುವಾಗ ಅವಳು ವಿಮಾನದ ಮೂಗಿನ ಏರಿಳಿತ ಹೊಂದಿಸುವ ಟ್ರಿಮ್ ಚಕ್ರವನ್ನು ಮುಟ್ಟಿ ನೋಡದೆ, ಬರೀ ಬಾಯಲ್ಲಿ "ಸರಿ" ಅಂದಿದ್ದಳು, ಅಷ್ಟೇ.

"ಗಿಣಿಪಾಠ ಒಪ್ಪಿಸೋಕೆ ಬಂದ್ಯಾ? ಇಳಿ, ನಡ್ಕೊಂಡು ಹೋಗು!"

ಕ್ಯಾಂಟೀನ್ ಕಿಟಕಿಯಲ್ಲಿ ಜೊತೆಯವರೆಲ್ಲ ಹಲ್ಲು ಕಿಸಿದ್ದರು. ಆ ನಗು ಅವಳ ಹೊಟ್ಟೆಯೊಳಗೆ ಕೆಂಡವಾಗಿ ಕೂತುಬಿಟ್ಟಿತ್ತು.

ಈಗ ಅವಳೇ ಪರೀಕ್ಷಕಿ. ಲೈಸೆನ್ಸ್ ನವೀಕರಣಕ್ಕೆ ಬಂದವರು ಅದೇ ಮೇಷ್ಟ್ರು. ತಲೆ ಪೂರ್ತಿ ನರೆತಿತ್ತು, ಗತ್ತು ಮಾತ್ರ ಎಳ್ಳಷ್ಟೂ ಇಳಿದಿರಲಿಲ್ಲ. ಅವರು ಹತ್ತುವ ಮೊದಲೇ ಅವಳು ಸೀಟುಗಳ ನಡುವಿನ ಟ್ರಿಮ್ ಚಕ್ರವನ್ನು ಕೊನೆಯವರೆಗೂ ತಿರುಗಿಸಿಟ್ಟಿದ್ದಳು. ಹಾಗೇ ಹೊರಟರೆ ವಿಮಾನ ನೆಲ ಬಿಟ್ಟೊಡನೆ ಮೂಗೆತ್ತಿ, ವೇಗ ಕಳೆದುಕೊಂಡು ಬಿದ್ದೇಬಿಡಬಹುದು.

ಎಂಜಿನ್ ಶುರುಮಾಡಿ ರನ್‌ವೇ ಅಂಚಿಗೆ ಬಂದಾಗ ಮೇಷ್ಟ್ರು ಪಟ್ಟಿಯತ್ತ ಕಣ್ಣೂ ಹಾಯಿಸಲಿಲ್ಲ. "ಫ್ಲಾಪ್ ಸರಿ, ಇಂಧನ ಸರಿ, ಟ್ರಿಮ್ ಸರಿ. ಹೊರಡೋಣ್ವಾ ಮಗೂ?"

ಅವರ ಎರಡು ಕೈಗಳೂ ತೊಡೆಯ ಮೇಲೇ ಇದ್ದವು.

ಮಾಡಿದ್ದುಣ್ಣೋ ಮಹರಾಯ, ಅಂದುಕೊಂಡು ಅವಳು ಎಂಜಿನ್ ಆಫ್ ಮಾಡಿ ಕೀ ಕಿತ್ತುಕೊಂಡಳು.

"ಇಳೀರಿ ಸರ್. ನಡ್ಕೊಂಡು ಹೋಗಿ."

ಅವರು ಚಕ್ರವನ್ನು ನೋಡಿದರು, ಆಮೇಲೆ ಅವಳನ್ನು. ನೆನಪಾಯಿತೆಂದು ಮುಖವೇ ಹೇಳಿತು. ಇಳಿದು, ಬಿಸಿಲಿನಲ್ಲಿ ನಡೆಯತೊಡಗಿದರು.

ಎದುರಿಗೆ ಕ್ಯಾಂಟೀನ್ ಕಿಟಕಿಯ ತುಂಬ ಅವರ ಈಗಿನ ಶಿಷ್ಯರು ನಿಂತಿದ್ದರು. ಹತ್ತು ಗಂಟೆಗೆ ಸರಿಯಾಗಿ ಅವರೆಲ್ಲರಿಗೂ ಅಲ್ಲಿ ಟೀ ಹೇಳಿಟ್ಟವಳು ಅವಳೇ.